ಬಿಚ್ಚಿ ಕಟ್ಟುವ ವಿದ್ಯೆ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನಾನು ಹಳಗನ್ನಡ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ನಾನು ಆಯ್ದುಕೊಂಡ ವಿಷಯ ಬೇರೆ. ಸೇತುವೆ, ಗೋಪುರ, ಯಂತ್ರಭಾಗಗಳ ಬಲಾಬಲವನ್ನು ಕಟ್ಟುವ ಮೊದಲೇ ಗಣಿಸಿ ನೋಡಲು ಇಂಜಿನಿಯರುಗಳು ಬಳಸುವ ಮುಕ್ತ ತಂತ್ರಾಂಶಗಳಿವೆಯಷ್ಟೆ. ಅಂಥದೊಂದನ್ನು ಬಿಚ್ಚಿ, ಅದರೊಳಗಿನ ಗಣಿತಭಾಗವನ್ನು ತೆಗೆದು, ಅದಕ್ಕಿಂತ ಚುರುಕಾದ ಇನ್ನೊಂದನ್ನು ಕೂಡಿಸಿ ಮರಳಿ ಕಟ್ಟುವ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಛಂದಸ್ಸು, ಅಲಂಕಾರಗಳ ಪಾಠ ಹೇಳುತ್ತ ತಲೆ ನರೆತವನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಆಸಕ್ತಿಯಿದೆ. ಆ ಆಸಕ್ತಿಯನ್ನು ಹುಟ್ಟಿಸಿದವನು ನನ್ನ ಹಳೆಯ ವಿದ್ಯಾರ್ಥಿ. ತಿಳಿಯದುದನ್ನು ನಾಚದೆ ಅವನಿಂದ ಕೇಳಿ ತಿಳಿದು, ತಿಳಿದಷ್ಟನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಆತ ಈಗ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕ. ಬೇಸಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಾಗ ಮುಖದಲ್ಲಿ ಬಳಲಿಕೆ ಕಾಣುತ್ತಿತ್ತು. ವಿಚಾರಿಸಲಾಗಿ ವಿಷಯ ತಿಳಿಯಿತು. ಅವನ ವಿದ್ಯಾರ್ಥಿಗಳು ಒಂದು ಓವರ್‌ಹೆಡ್ ಟ್ಯಾಂಕಿನ ಕಂಬಗಳ ಮೇಲೆ ನೀರಿನ ಭಾರವೂ ಗಾಳಿಯ ಒತ್ತಡವೂ ಹೇಗೆ ಬೀಳುವುದೆಂಬುದನ್ನು ಗಣಿಸುತ್ತಿದ್ದರು. ಸಂಜೆ ಆರಂಭಿಸಿದ ಗಣನೆ ಬೆಳಗಾದರೂ ಮುಗಿಯುತ್ತಿರಲಿಲ್ಲ. ಕಾಲೇಜಿನ ಸಭೆಯಲ್ಲಿ ಎರಡು ಅಭಿಪ್ರಾಯಗಳು ಹುಟ್ಟಿದುವು. ಹಣ ಕೊಡದೆ ತಂದ ತಂತ್ರಾಂಶದ ಯೋಗ್ಯತೆಯೇ ಇಷ್ಟು, ವರ್ಷವರ್ಷವೂ ಶುಲ್ಕ ತೆತ್ತು ಒಳ್ಳೆಯದನ್ನು ತರಿಸೋಣವೆಂದು ಕೆಲವರು. ಯಂತ್ರಗಳೇ ಹಳೆಯವು, ದಾನಿಗಳನ್ನು ಕೇಳಿ ಹೊಸವನ್ನು ಕೊಳ್ಳೋಣವೆಂದು ಕೆಲವರು. "ಗುರುಗಳೇ, ಒಂದು ತಿಂಗಳು ಅವಕಾಶ ಕೊಡಿರೆಂದು ಕೇಳಿಕೊಂಡು ಬಂದಿದ್ದೇನೆ. ದೋಷ ಇಡೀ ತಂತ್ರಾಂಶದ್ದೂ ಅಲ್ಲ, ಯಂತ್ರದ್ದೂ ಅಲ್ಲ. ಅವೆರಡರ ನಡುವೆ ಇರುವ ಒಂದು ತುಂಡಿನದು" ಎಂದ. ಆ ತುಂಡು ಯಾವುದೆಂದು ನಾನು ಕೇಳಿದೆ. ಅಂದಿನ ಮಧ್ಯಾಹ್ನವೆಲ್ಲ ಅದರ ವಿವರಣೆಯಲ್ಲೇ ಕಳೆಯಿತು.

ಅವನು ಬಳಸುತ್ತಿದ್ದ ತಂತ್ರಾಂಶದ ಹೆಸರು 'ಕೋಡ್ ಆಸ್ಟರ್'. ಆಸ್ಟರ್ ಎಂಬುದು ನಮ್ಮ ತೋಟಗಳಲ್ಲಿ ಬೆಳೆಯುವ ಹೂವಿನ ಹೆಸರೂ ಹೌದು. ಇಲ್ಲಿ ಅದು ಕೆಲವು ಫ್ರೆಂಚ್ ಪದಗಳ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಸಂಕ್ಷೇಪ. ಫ್ರಾನ್ಸ್ ದೇಶದ ವಿದ್ಯುತ್ ಸಂಸ್ಥೆಯಾದ ಇ.ಡಿ.ಎಫ್. ತನ್ನ ವಿದ್ಯುದಾಗಾರಗಳ ಕಟ್ಟಡಗಳನ್ನೂ ಯಂತ್ರಗಳನ್ನೂ ಪರೀಕ್ಷಿಸಿಕೊಳ್ಳುವುದಕ್ಕಾಗಿ ೧೯೮೯ರಲ್ಲಿ ಇದರ ರಚನೆಯನ್ನು ಆರಂಭಿಸಿ, ೨೦೦೧ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿಯಡಿ ಲೋಕಕ್ಕೆ ತೆರೆದಿಟ್ಟಿತು. ಇದರ ಆಜ್ಞಾಪದಗಳು ಫ್ರೆಂಚ್ ಭಾಷೆಯವು. 'ಜಾಲವನ್ನು ಓದು', 'ವಸ್ತುವನ್ನು ನಿರ್ದೇಶಿಸು' ಎಂಬ ಅರ್ಥದ ಪದಗಳನ್ನು ಆ ಜನ ತಮ್ಮ ನುಡಿಯಲ್ಲೇ ಇಟ್ಟಿದ್ದಾರೆ. ಪರಮಾಣು ವಿದ್ಯುದಾಗಾರದಂಥ ಗಹನವಾದ ಕೆಲಸಕ್ಕೆ ಸ್ವಭಾಷೆ ಸಾಲದೆಂದು ಅವರಿಗೆ ತೋರಲಿಲ್ಲ. ಭಾಷಾಪಂಡಿತನಾದ ನನ್ನ ಕಿವಿ ಮೊದಲು ನೆಟ್ಟಗಾದುದು ಈ ಮಾತಿಗೆ.

ಇಂಥ ತಂತ್ರಾಂಶ ಮಾಡುವ ಕೆಲಸದ ಸಾರ ಇಷ್ಟು. ಕಟ್ಟಡವನ್ನು ಮನಸ್ಸಿನಲ್ಲಿ ಸಾವಿರಾರು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆಯುತ್ತಾರೆ. ತುಂಡುಗಳು ಸಂಧಿಸುವ ಪ್ರತಿಯೊಂದು ಬಿಂದುವೂ ಎಷ್ಟು ಸರಿಯಿತು ಎಂಬುದಕ್ಕೆ ಸಮೀಕರಣಗಳನ್ನು ಬರೆಯುತ್ತಾರೆ. ಹೀಗೆ ಲಕ್ಷಗಟ್ಟಲೆ ಅವ್ಯಕ್ತಗಳಿರುವ ಲಕ್ಷಗಟ್ಟಲೆ ಸಮೀಕರಣಗಳು ಹುಟ್ಟುತ್ತವೆ. ಶಾಲೆಯಲ್ಲಿ ಎರಡು ಅವ್ಯಕ್ತಗಳ ಸಮೀಕರಣವನ್ನು ಬಿಡಿಸಿದವರಿಗೆ ಈ ಕಾರ್ಯದ ಸ್ವರೂಪ ಹೊಸದಲ್ಲ, ಗಾತ್ರ ಮಾತ್ರ ಹೊಸದು. ಈ ಸಮೀಕರಣಗಳ ಕೋಷ್ಟಕದಲ್ಲಿ ಬಹುಭಾಗ ಸೊನ್ನೆಗಳೇ. 'ಮಂಪ್ಸ್' ಎಂಬ ಮತ್ತೊಂದು ಮುಕ್ತ ತಂತ್ರಾಂಶವು ಆ ಸೊನ್ನೆಗಳ ಕಾಡಿನಿಂದ ಬೆಲೆಯುಳ್ಳ ಸಂಖ್ಯೆಗಳನ್ನು ಆಯ್ದು, ಚಿಕ್ಕ ಚಿಕ್ಕ ತುಂಬು ಕೋಷ್ಟಕಗಳಾಗಿ ಜೋಡಿಸಿ ಬಿಡಿಸುತ್ತದೆ. ಇಂಥ ಕೋಷ್ಟಕಕ್ಕೆ ಗಣಿತದಲ್ಲಿ ಮಾತೃಕೆ ಎಂದು ಹೆಸರು. ದೊಡ್ಡ ಗಣನೆಗಳಲ್ಲಿ ಯಂತ್ರದ ಕಾಲವೆಲ್ಲ ಬಹುಮಟ್ಟಿಗೆ ವ್ಯಯವಾಗುವುದು ಈ ಮಾತೃಕೆಗಳನ್ನು ಗುಣಿಸುವುದರಲ್ಲಿ, ಕಳೆಯುವುದರಲ್ಲಿ.

ಆದರೆ ಮಂಪ್ಸ್ ತಾನೇ ಗುಣಿಸುವುದಿಲ್ಲ. ಆ ಕೆಲಸವನ್ನು 'ಬ್ಲಾಸ್' ಎಂಬ ಗಣಿತ ಲೈಬ್ರರಿಗೆ ಒಪ್ಪಿಸುತ್ತದೆ. ಇದು ಯಾವುದೋ ಒಂದು ಪುಸ್ತಕದ ಹೆಸರಲ್ಲ, ಒಂದು ಒಪ್ಪಂದದ ಹೆಸರು. ೧೯೭೯ರಲ್ಲಿ ಲಾಸನ್, ಹ್ಯಾನ್ಸನ್ ಮೊದಲಾದ ನಾಲ್ವರು ವಿದ್ವಾಂಸರು ಗಣಿತದ ಮೂಲಕ್ರಿಯೆಗಳಿಗೆಲ್ಲ ಗೊತ್ತಾದ ಹೆಸರುಗಳನ್ನು ಪ್ರಕಟಿಸಿದರು. ೧೯೮೮ರಲ್ಲಿ ಎರಡನೆಯ ಹಂತವೂ, ೧೯೯೦ರಲ್ಲಿ ಮಾತೃಕೆಯನ್ನು ಮಾತೃಕೆಯಿಂದ ಗುಣಿಸುವ ಮೂರನೆಯ ಹಂತವೂ ಕೂಡಿಕೊಂಡುವು. ಹೆಸರುಗಳ ಕಟ್ಟೋಣ ನನಗೆ ಬಹಳ ಹಿಡಿಸಿತು. ಅಂದಿನ ಫೋರ್ಟ್ರಾನ್ ಭಾಷೆಯಲ್ಲಿ ಹೆಸರು ಆರು ಅಕ್ಷರಗಳನ್ನು ಮೀರುವಂತಿರಲಿಲ್ಲ. ಆದುದರಿಂದ ಡಿ, ಜಿ, ಇ, ಎಂ, ಎಂ ಎಂಬ ಐದೇ ಅಕ್ಷರಗಳಲ್ಲಿ ಎಲ್ಲವನ್ನೂ ಅಡಕ ಮಾಡಿದರು. ಮೊದಲಿನ 'ಡಿ' ಇಮ್ಮಡಿ ನಿಖರತೆಯ ಸಂಖ್ಯೆಯನ್ನೂ, 'ಜಿಇ' ಸಾಮಾನ್ಯ ಮಾತೃಕೆಯನ್ನೂ, 'ಎಂಎಂ' ಎರಡು ಮಾತೃಕೆಗಳ ಗುಣಾಕಾರವನ್ನೂ ಸೂಚಿಸುತ್ತವೆ. ಪಾಣಿನಿಯು 'ಅಚ್' ಎಂದು ಸ್ವರಗಳನ್ನೆಲ್ಲ, 'ಹಲ್' ಎಂದು ವ್ಯಂಜನಗಳನ್ನೆಲ್ಲ ಹಿಡಿದುಬಿಟ್ಟ ಪ್ರತ್ಯಾಹಾರ ಪದ್ಧತಿಯನ್ನು ಬಲ್ಲವರಿಗೆ ಇದರ ರುಚಿ ಒಡನೆಯೇ ಹತ್ತುವುದು.

ಹೆಸರು ಒಂದೇ ಆದರೂ ಆ ಹೆಸರಿನ ಕ್ರಿಯೆಯನ್ನು ನಡೆಸಿಕೊಡುವ ಕ್ರಮ ಹಲವು. ಸೂತ್ರ ಒಂದೇ, ವೃತ್ತಿಗಳು ಬೇರೆ ಬೇರೆ ಎಂಬಂತೆ. ಒಪ್ಪಂದದ ಜೊತೆಗೆ ಬಂದ ಮಾದರಿ ಬ್ಲಾಸ್ ಓದುವುದಕ್ಕೆ ಸುಲಭ, ಅರ್ಥಕ್ಕೆ ಸ್ಪಷ್ಟ, ನಡಿಗೆಯಲ್ಲಿ ನಿಧಾನ. ನನ್ನ ವಿದ್ಯಾರ್ಥಿಯ ಕಾಲೇಜಿನಲ್ಲಿ ಯಾರೋ ಹಿಂದೊಮ್ಮೆ ತಂತ್ರಾಂಶವನ್ನು ಕಟ್ಟಿದಾಗ ಕೈಗೆ ಸಿಕ್ಕಿದ ಈ ಮಾದರಿಯನ್ನೇ ಕೂಡಿಸಿ ಬಿಟ್ಟುಬಿಟ್ಟಿದ್ದರು. ಕಟ್ಟುವುದೆಂದರೆ ಕಂಪೈಲ್ ಮಾಡುವುದು. ಮನುಷ್ಯರು ಓದಬಲ್ಲ ಮೂಲಪಾಠವನ್ನು ಕಂಪೈಲರ್ ಯಂತ್ರಭಾಷೆಗೆ ತರುತ್ತದೆ. ಆಮೇಲೆ ಲಿಂಕರ್ ಎಂಬುದು ಅದಕ್ಕೆ ಬೇಕಾದ ಲೈಬ್ರರಿಗಳನ್ನು ಬೆಸೆಯುತ್ತದೆ. ಬೆಸೆಯುವ ಆ ಒಂದು ಸಾಲಿನಲ್ಲಿ ಯಾವ ಬ್ಲಾಸ್ ಬೇಕೆಂದು ಹೇಳುವ ಪದವನ್ನು ಬದಲಿಸುವುದೇ ಇಡೀ ಪ್ರಸಂಗದ ಬೀಜ.

ಒಂದೇ ಗುಣಾಕಾರ, ಒಂದೇ ಯಂತ್ರ. ಒಂದು ಕ್ರಮ ಏಕೆ ನಿಧಾನ, ಇನ್ನೊಂದು ಏಕೆ ಚುರುಕು? ಉತ್ತರವನ್ನು ದೊಡ್ಡ ಅಡುಗೆಮನೆಯಲ್ಲಿ ನೋಡಬಹುದು. ಸಾವಿರ ಜನರಿಗೆ ಅಡುಗೆಯಾಗಬೇಕು. ಉಗ್ರಾಣ ದೂರದಲ್ಲಿದೆ. ಒಬ್ಬ ಅಡುಗೆಯವನು ಹಿಡಿ ಅಕ್ಕಿಗೊಮ್ಮೆ, ಚಿಟಿಕೆ ಉಪ್ಪಿಗೊಮ್ಮೆ ಉಗ್ರಾಣಕ್ಕೆ ಓಡುತ್ತಾನೆ. ಇನ್ನೊಬ್ಬನು ಒಂದು ಹೊತ್ತಿಗೆ ಬೇಕಾದುದನ್ನೆಲ್ಲ ಒಮ್ಮೆಗೇ ಅಳೆದು ತಂದು ಒಲೆಯ ಮಗ್ಗುಲಲ್ಲಿಟ್ಟುಕೊಂಡು, ಅದು ಮುಗಿಯುವವರೆಗೆ ಮೇಲೇಳುವುದಿಲ್ಲ. ಕೈಚಳಕ ಇಬ್ಬರದೂ ಒಂದೇ, ಆದರೆ ಅಡುಗೆ ಮೊದಲು ಇಳಿಯುವುದು ಎರಡನೆಯವನದು. ಗಣಕಯಂತ್ರದ ಮುಖ್ಯ ಸ್ಮೃತಿಯೇ ಉಗ್ರಾಣ. ಪ್ರೊಸೆಸರಿನೊಳಗಿರುವ 'ಕ್ಯಾಷ್' ಎಂಬ ಪುಟ್ಟ ಸ್ಮೃತಿಯೇ ಒಲೆಯ ಮಗ್ಗುಲು. ಸಾವಿರ ಸಾಲು, ಸಾವಿರ ಕಂಬಗಳ ಎರಡು ಮಾತೃಕೆಗಳನ್ನು ಗುಣಿಸಲು ಸುಮಾರು ೨೦೦ ಕೋಟಿ ಗುಣಾಕಾರ ಸಂಕಲನಗಳು ಬೇಕು. ಆದರೆ ಉತ್ತರವೂ ಸೇರಿ ಅಲ್ಲಿರುವ ಸಂಖ್ಯೆಗಳು ೩೦ ಲಕ್ಷ ಮಾತ್ರ. ಎಂದರೆ ತಂದ ಒಂದೊಂದು ಸಂಖ್ಯೆಯೂ ನೂರಾರು ಸಲ ಕೆಲಸಕ್ಕೆ ಬರುತ್ತದೆ. ಅದನ್ನು ಪ್ರತಿಸಲವೂ ಉಗ್ರಾಣದಿಂದಲೇ ತರುವವನಿಗೆ ರಾತ್ರಿಯೆಲ್ಲ ಸಾಲದು. ಮಾತೃಕೆಯನ್ನು ಕ್ಯಾಷಿನಲ್ಲಿ ಹಿಡಿಯುವಷ್ಟು ತುಂಡುಗಳಾಗಿ ಕತ್ತರಿಸಿ, ತಂದ ತುಂಡಿನಿಂದ ಆಗುವ ಕೆಲಸವನ್ನೆಲ್ಲ ಮುಗಿಸಿಯೇ ಅದನ್ನು ಕೆಳಗಿಡುವುದು ಚುರುಕಾದ ಲೈಬ್ರರಿಯ ಜಾಣ್ಮೆ. ಇದರ ಮೇಲೆ, ಒಂದೇ ಆಜ್ಞೆಗೆ ನಾಲ್ಕೋ ಎಂಟೋ ಸಂಖ್ಯೆಗಳನ್ನು ಒಟ್ಟಿಗೆ ಗುಣಿಸುವ ಶಕ್ತಿ ಇಂದಿನ ಪ್ರೊಸೆಸರುಗಳಿಗಿದೆ. ಅದನ್ನೂ ಅದು ಪೂರ್ಣವಾಗಿ ದುಡಿಸಿಕೊಳ್ಳುತ್ತದೆ.

ಈ ಜಾಣ್ಮೆಯ ಹಿಂದೆ ಒಬ್ಬ ಮನುಷ್ಯನ ತಪಸ್ಸಿದೆ. ಜಪಾನಿನ ಪೇಟೆಂಟ್ ಕಚೇರಿಯಲ್ಲಿ ನೌಕರನಾಗಿದ್ದ ಕಜುಶಿಗೆ ಗೋಟೋ ಎಂಬಾತ, ಪ್ರೊಸೆಸರಿನ ಒಂದೊಂದು ಹೆಜ್ಜೆಯನ್ನೂ ಲೆಕ್ಕ ಹಾಕಿ, ಯಂತ್ರಕ್ಕೆ ತೀರ ಸಮೀಪದ ಅಸೆಂಬ್ಲಿ ಭಾಷೆಯಲ್ಲಿ ಮಾತೃಕಾ ಗುಣಾಕಾರವನ್ನು ಕೈಯಾರೆ ಬರೆದ. ೨೦೦೨ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಆ ಕೆಲಸವನ್ನು ಮುಂದುವರಿಸಿದ. ಅವನ 'ಗೋಟೋಬ್ಲಾಸ್' ಜಗತ್ತಿನ ದೊಡ್ಡ ದೊಡ್ಡ ಗಣಕಯಂತ್ರಗಳಲ್ಲಿ ಬಳಕೆಗೆ ಬಂದಿತು. ೨೦೦೮ರಲ್ಲಿ ಅವನೂ ವಾನ್ ಡಿ ಗೈನ್ ಎಂಬ ಪ್ರಾಧ್ಯಾಪಕರೂ ಸೇರಿ ಅದರ ಮರ್ಮವನ್ನೆಲ್ಲ ಬಿಡಿಸಿ ಪ್ರಬಂಧವಾಗಿ ಪ್ರಕಟಿಸಿದರು. ಮುಂದೆ ಗೋಟೋ ಆ ಕೆಲಸವನ್ನು ಬಿಟ್ಟು ಬೇರೆಡೆಗೆ ಹೋದಾಗ, ಮೂಲಪಾಠ ತೆರೆದಿದ್ದುದರಿಂದ ವಿದ್ಯೆ ಅವನೊಡನೆ ಹೋಗಲಿಲ್ಲ. ೨೦೧೧ರಲ್ಲಿ ಚೀನಾ ದೇಶದ ವಿಜ್ಞಾನ ಅಕಾಡೆಮಿಯಲ್ಲಿದ್ದ ಜಾಂಗ್ ಶಿಯಾನ್ಯಿ ಮತ್ತು ಅವರ ಸಂಗಡಿಗರು ಅದನ್ನು ಎತ್ತಿಕೊಂಡು 'ಓಪನ್‌ಬ್ಲಾಸ್' ಎಂಬ ಹೆಸರಿನಿಂದ ಬೆಳೆಸಿದರು. ಫ್ರೆಂಚರ ತಂತ್ರಾಂಶ, ಅಮೆರಿಕದಲ್ಲಿ ರೂಪುಗೊಂಡ ಒಪ್ಪಂದ, ಜಪಾನಿನವನ ಕೈಬರಹ, ಚೀನೀಯರ ಪೋಷಣೆ. ಇವೆಲ್ಲ ಕೂಡಿದುದು ನಮ್ಮ ನಾಡಿನ ಒಂದು ಕಾಲೇಜಿನ ಹಳೆಯ ಯಂತ್ರದಲ್ಲಿ.

ಮರಳಿ ನನ್ನ ವಿದ್ಯಾರ್ಥಿಯ ಕಥೆಗೆ ಬರುತ್ತೇನೆ. ಆತ ಓಪನ್‌ಬ್ಲಾಸನ್ನು ಕೂಡಿಸಿ ತಂತ್ರಾಂಶವನ್ನು ಮತ್ತೆ ಕಟ್ಟಿದ. ರಾತ್ರಿಯೆಲ್ಲ ನಡೆಯುತ್ತಿದ್ದ ಗಣನೆ ರಾತ್ರಿಯ ಊಟದೊಳಗೆ ಮುಗಿಯಿತು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು, ಸಹೋದ್ಯೋಗಿಗಳು ಬೆನ್ನು ತಟ್ಟಿದರು. ಸಭೆಯಲ್ಲಿ ಫಲಿತಾಂಶವನ್ನು ತೋರಿಸಿಯೂ ಆಯಿತು. ಕೋಡ್ ಆಸ್ಟರ್ ಜೊತೆಗೆ ಉತ್ತರ ಗೊತ್ತಿರುವ ಸಾವಿರಾರು ಪರೀಕ್ಷಾ ಲೆಕ್ಕಗಳು ಬರುತ್ತವೆ. ಅವುಗಳಲ್ಲಿ ಕೆಲವನ್ನು ಆತ ನಡೆಸಿ ನೋಡಿದ್ದು ಆಮೇಲೆ. ಒಂದು ಲೆಕ್ಕ ತಪ್ಪಿತು. ಮತ್ತೆ ನಡೆಸಿದರೆ ಅದೇ ಲೆಕ್ಕ ಸರಿ ಬಂದಿತು. ಮೂರನೆಯ ಸಲ ಮತ್ತೆ ತಪ್ಪಿತು. ಕಾರಣ ಹುಡುಕಲು ಒಂದು ವಾರ ಹಿಡಿಯಿತು. ತಂತ್ರಾಂಶವು ತನ್ನ ಕೆಲಸವನ್ನು ಹಲವು ಎಳೆಗಳಿಗೆ ಹಂಚಿ ಕೊಡುತ್ತಿತ್ತು. ಲೈಬ್ರರಿಯೂ ತನ್ನಷ್ಟಕ್ಕೆ ತಾನು ಹಂಚುತ್ತಿತ್ತು. ಅಂಥ ಕೂಡುಬಳಕೆಗೆ ಹೊಂದುವಂತೆ ಲೈಬ್ರರಿಯನ್ನು ಕಂಪೈಲ್ ಮಾಡಿರಲಿಲ್ಲವಾಗಿ, ಒಬ್ಬರು ಬರೆಯುತ್ತಿದ್ದ ಹಲಗೆಯ ಮೇಲೆ ಇನ್ನೊಬ್ಬರೂ ಬರೆದಂತೆ ಒಮ್ಮೊಮ್ಮೆ ಸಂಖ್ಯೆಗಳು ಕಲಸಿಹೋಗುತ್ತಿದ್ದುವು.

ಪರಿಹಾರ ಸಣ್ಣದು. ಲೈಬ್ರರಿಯನ್ನು ಸರಿಯಾದ ಆಯ್ಕೆಯೊಡನೆ ಮತ್ತೊಮ್ಮೆ ಕಟ್ಟುವುದು, ಇಲ್ಲವೆ ಅದಕ್ಕೆ ಒಂದೇ ಎಳೆಯಲ್ಲಿ ನಡೆಯೆಂದು ಹೇಳುವುದು. ಅದಕ್ಕಿಂತ ದೊಡ್ಡ ಕೆಲಸ ಬೇರೊಂದಿತ್ತು. ಆತ ಸಭೆಗೆ ಹೋಗಿ, ಹಿಂದಿನ ವಾರ ತೋರಿಸಿದ ಫಲಿತಾಂಶವನ್ನು ನಂಬಬೇಡಿರೆಂದು ಎಲ್ಲರೆದುರು ಹೇಳಿ ಅದನ್ನು ಹಿಂತೆಗೆದುಕೊಂಡ. ಶುಲ್ಕದ ಪಕ್ಷದವರು ನಕ್ಕರಂತೆ. ಹದಿನೈದು ದಿನಗಳ ಮೇಲೆ, ಪರೀಕ್ಷಾ ಲೆಕ್ಕಗಳೆಲ್ಲ ಸರಿಬಂದ ಪಟ್ಟಿಯನ್ನು ಹಿಡಿದು ಅದೇ ಸಭೆಗೆ ಹೋದ. ಗಣನೆ ಆಗಲೂ ಊಟದೊಳಗೇ ಮುಗಿಯುತ್ತಿತ್ತು. ನನ್ನ ವಿದ್ಯಾರ್ಥಿಯ ವಿಷಯದಲ್ಲಿ ನನಗೆ ಹೆಮ್ಮೆಯೆನಿಸುವುದು ಅವನು ಗಳಿಸಿದ ವೇಗಕ್ಕಲ್ಲ, ಆ ಮೊದಲ ಫಲಿತಾಂಶವನ್ನು ಹಿಂತೆಗೆದುಕೊಂಡ ದಿನಕ್ಕೆ. ಅದು ನೀರು ತುಂಬಿ ನಿಲ್ಲುವ ಟ್ಯಾಂಕಿನ ಲೆಕ್ಕ. ಅದರ ಕೆಳಗೆ ಜನ ಓಡಾಡುತ್ತಾರೆ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಶಿಸ್ತು ಪರಿಚಿತವೇ. ಓಲೆಗರಿಯ ಒಂದು ಪಾಠವನ್ನು ಬದಲಿಸಿದವನು ಆ ಪದ್ಯದ ಛಂದಸ್ಸನ್ನೂ ಅನ್ವಯವನ್ನೂ ಮತ್ತೆ ನೋಡದೆ ಮುಂದುವರಿಯುವಂತಿಲ್ಲ. ಆದರೆ ಗಣಕದ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಂತ್ರವು ಒಂದು ಸಂಖ್ಯೆಯಲ್ಲಿ ಸುಮಾರು ೧೫-೧೬ ಅಂಕಿಗಳನ್ನು ಮಾತ್ರ ಹಿಡಿದಿಡುತ್ತದೆ; ೧೯೮೫ರಲ್ಲಿ ಗೊತ್ತಾದ ನಿಯಮವೇ ಹಾಗಿದೆ. ಒಂದರ ಮುಂದೆ ೧೬ ಸೊನ್ನೆಗಳಿರುವ ಸಂಖ್ಯೆಗೆ ಒಂದನ್ನು ಕೂಡಿಸಿ, ಬಂದುದರಿಂದ ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ ಯಂತ್ರ ಸೊನ್ನೆ ಎನ್ನುತ್ತದೆ. ಮೊದಲು ಕಳೆದು ಆಮೇಲೆ ಒಂದನ್ನು ಕೂಡಿಸಿದರೆ ಒಂದು ಎನ್ನುತ್ತದೆ. ಕೂಡುವ ಕ್ರಮ ಬದಲಾದರೆ ಮೊತ್ತ ಬದಲಾಗದೆಂದು ನಾವು ಬಾಲ್ಯದಲ್ಲಿ ಕಲಿತ ನಿಯಮ ಅಲ್ಲಿ ಪೂರ್ತಿಯಾಗಿ ನಡೆಯದು. ಲೈಬ್ರರಿ ಬದಲಾದಾಗ ಕೂಡುವ ಕ್ರಮವೂ ಬದಲಾಗುವುದರಿಂದ, ಉತ್ತರದ ಕಡೆಯ ಅಂಕಿಗಳಲ್ಲಿ ತುಸು ವ್ಯತ್ಯಾಸ ಬರುವುದು ಸಹಜ. ಅದು ದೋಷವಲ್ಲ, ಪಾಠಾಂತರ. ಎಳೆಗಳು ಕಲಸಿ ಬಂದದ್ದು ದೋಷ, ಅಪಪಾಠ. ಯಾವುದು ಪಾಠಾಂತರ, ಯಾವುದು ಅಪಪಾಠವೆಂದು ವಿವೇಚಿಸುವ ಶಕ್ತಿಯನ್ನು ಯಾವ ಲೈಬ್ರರಿಯೂ ಕಟ್ಟಿಕೊಡುವುದಿಲ್ಲ. ಅದು ವಿದ್ಯೆಯಿಂದ ಬರತಕ್ಕದ್ದು.

ಎಲ್ಲ ರೋಗಕ್ಕೂ ಇದೊಂದೇ ಮದ್ದೆಂದು ಯಾರೂ ಭಾವಿಸಬಾರದು. ಹತ್ತು ಗಂಟೆಯ ಗಣನೆಯಲ್ಲಿ ಎಂಟು ಗಂಟೆ ಮಾತೃಕೆಗಳಿಗೆ ಹೋಗುತ್ತಿದ್ದರೆ, ಆ ಭಾಗವನ್ನು ಎಂಟು ಪಟ್ಟು ಚುರುಕು ಮಾಡಿದಾಗ ಒಟ್ಟು ಮೂರು ಗಂಟೆಗೆ ಇಳಿಯುತ್ತದೆ. ಮಾತೃಕೆಗಳಿಗೆ ಹೋಗುವುದು ಎರಡೇ ಗಂಟೆಯಾದರೆ, ಆ ಭಾಗ ಕ್ಷಣದಲ್ಲಿ ಮುಗಿದರೂ ಇನ್ನೆಂಟು ಗಂಟೆ ಕಾಯಲೇಬೇಕು. ಗಾಳಿ, ನೀರುಗಳ ಹರಿವನ್ನು ಗಣಿಸುವ 'ಓಪನ್‌ಫೋಮ್' ಎಂಬ ಪ್ರಸಿದ್ಧ ಮುಕ್ತ ತಂತ್ರಾಂಶವು ತನ್ನದೇ ಕ್ರಮದಲ್ಲಿ ಸಮೀಕರಣಗಳನ್ನು ಬಿಡಿಸುತ್ತದೆ. ಅದಕ್ಕೆ ಬ್ಲಾಸನ್ನು ಬದಲಿಸಿ ಪ್ರಯೋಜನವಿಲ್ಲ. ಕಾಲ ಎಲ್ಲಿ ಹೋಗುತ್ತಿದೆಯೆಂದು ಮೊದಲು ಅಳೆದು, ಆಮೇಲೆ ಕೈಯಿಕ್ಕಬೇಕು. ನಾಡಿ ನೋಡದೆ ಕಷಾಯ ಕೊಡುವವನು ವೈದ್ಯನಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಇಂದಿನ ಲಿನಕ್ಸ್ ಯಂತ್ರಗಳಲ್ಲಿ ಓಪನ್‌ಬ್ಲಾಸ್ ಸಿದ್ಧವಾಗಿಯೇ ಸಿಗುತ್ತದೆ. ಕೆಲವೆಡೆ ತಂತ್ರಾಂಶವನ್ನು ಮತ್ತೆ ಕಟ್ಟದೆಯೇ ಒಂದು ಆಜ್ಞೆಯಿಂದ ಬ್ಲಾಸನ್ನು ಬದಲಿಸಬಹುದು. ಇಂಟೆಲ್ ಕಂಪನಿಯ ಎಂ.ಕೆ.ಎಲ್. ಎಂಬ ಚುರುಕಾದ ಲೈಬ್ರರಿಯೂ ಹಣವಿಲ್ಲದೆ ದೊರೆಯುತ್ತದೆ. ಹೀಗಿರಲು ಇಷ್ಟು ಶ್ರಮವೇಕೆ? ಮಾತು ನಿಜವೇ. ಸಿದ್ಧವಾದುದು ಸಾಕಾದೆಡೆ ಅದನ್ನೇ ಬಳಸುವುದು ಜಾಣತನ. ಆದರೆ ಉಚಿತವೆಂಬುದು ಬೇರೆ, ಮುಕ್ತವೆಂಬುದು ಬೇರೆ. ಎಂ.ಕೆ.ಎಲ್. ಉಚಿತ, ಆದರೆ ಅದರ ಮೂಲಪಾಠವನ್ನು ನಾವು ಓದುವಂತಿಲ್ಲ. ಜಿ.ಪಿ.ಎಲ್. ತಂತ್ರಾಂಶದೊಡನೆ ಅದನ್ನು ಬೆಸೆದು ಇತರರಿಗೆ ಹಂಚಬೇಕಾದಾಗ ಪರವಾನಗಿಯ ಷರತ್ತುಗಳನ್ನೂ ಗಮನಿಸಬೇಕಾಗುತ್ತದೆ. ಮುಕ್ತ ತಂತ್ರಾಂಶದ ಹಿರಿಮೆ ಅದರ ಬೆಲೆ ಸೊನ್ನೆಯೆಂಬುದರಲ್ಲಿಲ್ಲ. ತಪ್ಪಿದ ಲೆಕ್ಕವನ್ನು ಅದರ ಬುಡದವರೆಗೆ ಬೆನ್ನಟ್ಟಿ ಹೋಗಲು ನಮಗೆ ದಾರಿಯಿದೆ ಎಂಬುದರಲ್ಲಿದೆ. ಆ ದಾರಿಯಲ್ಲಿ ನಡೆಯಲು ಕಲಿಯದವನಿಗೆ ಮುಕ್ತವಾದುದೂ ಮುಚ್ಚಿದುದೂ ಒಂದೇ. ಕಪಾಟಿನಲ್ಲಿ ಗ್ರಂಥಗಳಿದ್ದೂ ಓದದವನ ಸ್ಥಿತಿ ಅವನದು.

ಆದುದರಿಂದ ನನ್ನ ಬಿನ್ನಹ ಹೀಗಿದೆ. ಶಾಲೆಗೆ ಯಂತ್ರಗಳನ್ನು ಕೊಡಿಸುವ ದಾನಿಗಳು ಪೂಜ್ಯರು. ಅವರ ಔದಾರ್ಯವನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಹತ್ತು ಯಂತ್ರಗಳನ್ನು ಕೊಡಿಸುವೆಡೆ ಒಂಬತ್ತನ್ನು ಕೊಡಿಸಿ, ಹತ್ತನೆಯದರ ಹಣವನ್ನು ಆ ಯಂತ್ರಗಳನ್ನು ಬಿಚ್ಚಿ ಕಟ್ಟಬಲ್ಲ ಒಬ್ಬ ತರುಣ ಅಧ್ಯಾಪಕನ ಕಾಲಕ್ಕಾಗಿ ಮೀಸಲಿಡಬಾರದೆ? ಯಂತ್ರದ ಮೇಲೆ ದಾನಿಯ ಹೆಸರನ್ನು ಕೆತ್ತಬಹುದು, ಕಾಲದ ಮೇಲೆ ಕೆತ್ತಲಾಗದು. ಆದರೂ ನನ್ನ ವಿದ್ಯಾರ್ಥಿಗೆ ದೊರೆತ ಆ ಒಂದು ತಿಂಗಳೇ ಅವನ ಕಾಲೇಜಿಗೆ ಹೊಸ ಯಂತ್ರಗಳ ಖರ್ಚನ್ನೂ ವರ್ಷವರ್ಷದ ಶುಲ್ಕವನ್ನೂ ಉಳಿಸಿತು. ಹೊರಗೆ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಈ ವಿದ್ಯೆಯನ್ನು ಬಲ್ಲವರು ಅನೇಕರಿದ್ದೀರಿ. ರಜೆಯಲ್ಲಿ ಊರಿಗೆ ಬಂದಾಗ ಹಾರ ಹಾಕಿಸಿಕೊಂಡು ಹೋಗುವ ಬದಲು ಎರಡು ದಿನ ಮಕ್ಕಳ ಜೊತೆಗೆ ಕುಳಿತುಕೊಳ್ಳಿರಿ.

ಅಧ್ಯಾಪಕ ಮಿತ್ರರಲ್ಲಿ ಒಂದು ಸಣ್ಣ ಸಲಹೆ. ಕೋಡ್ ಆಸ್ಟರ್ ನಮ್ಮ ಮಕ್ಕಳಿಗೆ ಹೊರಲಾರದ ಹೊರೆ ಎಂಬುದು ನಿಜ. ಆದರೆ ಎರಡು ಮಾತೃಕೆಗಳನ್ನು ಗುಣಿಸುವ ಹತ್ತು ಸಾಲಿನ ಕಾರ್ಯಕ್ರಮವನ್ನು ಒಂಬತ್ತನೆಯ ತರಗತಿಯ ಮಕ್ಕಳು ಬರೆಯಬಲ್ಲರು. ಮೊದಲು ಅದನ್ನೇ ಕಂಪೈಲ್ ಮಾಡಿ, ಗಡಿಯಾರ ನೋಡಿ ಕಾಲವನ್ನು ಬರೆದುಕೊಳ್ಳಲಿ. ಆಮೇಲೆ ಅದೇ ಕೆಲಸವನ್ನು ಓಪನ್‌ಬ್ಲಾಸಿಗೆ ಒಪ್ಪಿಸಿ ಮತ್ತೆ ಕಾಲವನ್ನು ಬರೆದುಕೊಳ್ಳಲಿ. ಕಡೆಗೆ ಎರಡು ಉತ್ತರಗಳನ್ನೂ ಅಂಕಿ ಅಂಕಿಯಾಗಿ ಹೋಲಿಸಿ, ಎಲ್ಲಿ ಬೇರೆಯಾದುವು, ಏಕೆ ಬೇರೆಯಾದುವು ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆಯಲಿ. ಆ ಪುಟಗಳನ್ನು ತಿದ್ದುವ ಕೆಲಸವನ್ನು ನನಗೆ ವಹಿಸಿದರೆ ಸಂತೋಷದಿಂದ ಮಾಡಿಕೊಡುತ್ತೇನೆ. ವ್ಯಾಕರಣ ದೋಷವಿದ್ದರೆ ನಾನು ತಿದ್ದುವೆನು. ಲೆಕ್ಕದಲ್ಲಿ ದೋಷವಿದ್ದರೆ ಅವರೇ ನನಗೆ ತಿಳಿಸಿಕೊಡಲಿ.